ಚಪ್ಪಲಿ ಮೆಟ್ಟಿಕೋ ಎಂದ ದೇವದೂತ

ಫ್ರಾನ್ಸಿನ ನಿರ್ದೇಶಕ ರಾಬರ್ಟ್ ಬ್ರೆಸನ್ 1956ರಲ್ಲಿ ಮಾಡಿದ ಸಿನಿಮಾವೊಂದು ತನ್ನ ಕೊನೆಯನ್ನು ಹೆಸರಿನಲ್ಲೇ ಹೇಳಿಬಿಡುತ್ತದೆ: ‘ಮರಣದಂಡನೆಗೆ ಗುರಿಯಾದವನೊಬ್ಬ ತಪ್ಪಿಸಿಕೊಂಡ’. ನೋಡಲು ಕೂರುವ ಮೊದಲೇ ಇವನು ಸಾಯುವುದಿಲ್ಲವೆಂದು ನಮಗೆ ಗೊತ್ತು. ಆದರೂ ಒಂದೂವರೆ ಗಂಟೆಗೂ ಮಿಕ್ಕಿ ಉಸಿರು ಬಿಗಿಹಿಡಿದು ನೋಡುತ್ತೇವೆ. ಕರ್ಣ ಬೀಳುತ್ತಾನೆಂದು ಗೊತ್ತಿದ್ದೂ ಯಕ್ಷಗಾನದ ಮುಂದೆ ಬೆಳಗಿನವರೆಗೆ ಕೂರುವ ಕರಾವಳಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆ ಗೊತ್ತಿದೆಯೆಂದು ನಡುವಿನದು ಹಗುರವಾಗುವುದಿಲ್ಲ. ಒಂದೊಂದು ಹೆಜ್ಜೆಗೂ ತೂಕ ಹೆಚ್ಚುತ್ತದೆ.

ಈ ಸಿನಿಮಾಕ್ಕೆ ಇನ್ನೊಂದು ಹೆಸರೂ ಉಂಟು: ‘ಗಾಳಿ ತನಗಿಷ್ಟ ಬಂದ ಕಡೆ ಬೀಸುತ್ತದೆ’. ರಾತ್ರಿಯ ಹೊತ್ತು ತನ್ನನ್ನು ಕಾಣಬಂದ ನಿಕೊದೇಮನಿಗೆ ಯೇಸು ಹೇಳಿದ ಮಾತು ಅದು. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿದೆ. ಬ್ರೆಸನ್ ಮೊದಲು ಇಡಬೇಕೆಂದುಕೊಂಡಿದ್ದ ಹೆಸರು ಬೇರೆ: ‘ನಿನಗೆ ನೀನೇ ನೆರವಾಗು’. ನಿನ್ನ ಕೆಲಸ ನೀನು ಮಾಡಿದರೆ ದೇವರೂ ಕೈಹಿಡಿಯುತ್ತಾನೆ ಎಂಬ ಫ್ರೆಂಚ್ ಗಾದೆಯ ಮೊದಲರ್ಧ ಅದು. ಮನುಷ್ಯನ ಪ್ರಯತ್ನ ಒಂದು ಹೆಸರಿನಲ್ಲಿ, ದೇವರ ಸ್ವತಂತ್ರ ಕೃಪೆ ಇನ್ನೊಂದರಲ್ಲಿ. ಕ್ರೈಸ್ತ ಸಭೆ ಶತಮಾನಗಳಿಂದ ಜಗಳವಾಡಿದ್ದು ಈ ಎರಡು ಹೆಸರುಗಳ ನಡುವೆಯೇ.

ಕತೆ ನಿಜವಾಗಿ ನಡೆದದ್ದು. 1943ರಲ್ಲಿ ಜರ್ಮನರ ವಶದಲ್ಲಿದ್ದ ಲಿಯೋನ್ ನಗರದ ಮೋಂಲುಕ್ ಜೈಲಿನಿಂದ ಆಂದ್ರೆ ದೆವಿನ್ಯಿ ಎಂಬ ಫ್ರೆಂಚ್ ಸೈನಿಕ ತಪ್ಪಿಸಿಕೊಂಡ. ಅವನು ಬರೆದ ಅನುಭವವೇ ಸಿನಿಮಾದ ಆಧಾರ. ಬ್ರೆಸನ್ ತಾನೂ ಯುದ್ಧಕೈದಿಯಾಗಿ ಸೆರೆ ಕಂಡವನು. ವೃತ್ತಿನಟರನ್ನು ಅವನು ದೂರವಿಟ್ಟ. ಫೊಂಟೇನ್ ಎಂಬ ಕೈದಿಯ ಪಾತ್ರ ಮಾಡಿದವನು ತತ್ವಶಾಸ್ತ್ರದ ವಿದ್ಯಾರ್ಥಿ. ಆ ಮುಖದಲ್ಲಿ ಅಬ್ಬರವಿಲ್ಲ. ನೋಡಬೇಕಾದದ್ದು ಕೈಗಳನ್ನು.

ಫೊಂಟೇನನ ಹತ್ತಿರ ಒಂದು ಕಬ್ಬಿಣದ ಚಮಚ. ಅದರ ಹಿಡಿಯನ್ನು ನೆಲಕ್ಕೆ ತಿಕ್ಕಿ ಉಳಿಯಂತೆ ಹರಿತ ಮಾಡುತ್ತಾನೆ. ಬಾಗಿಲಿನ ಓಕ್ ಹಲಗೆಗಳು ಗಟ್ಟಿ, ಅವನ್ನು ಕೂಡಿಸಿದ ಪಟ್ಟಿಗಳ ಮರ ಮಾತ್ರ ಮೆತ್ತಗೆ. ಅದನ್ನು ಅವನ ಕಣ್ಣು ಹಿಡಿಯುತ್ತದೆ. ಕೆರೆಯುತ್ತಾನೆ, ಹೆಜ್ಜೆಯ ಸದ್ದಾದರೆ ನಿಲ್ಲಿಸುತ್ತಾನೆ, ಉದುರಿದ ಮರದ ಚೂರನ್ನು ಗುಡಿಸಿ ಎತ್ತುತ್ತಾನೆ, ಮತ್ತೆ ಕೆರೆಯುತ್ತಾನೆ. ಕಂಬಳಿ ಹರಿದು ಮಂಚದ ತಂತಿ ಸುತ್ತಿ ಹಗ್ಗ ಹೊಸೆಯುತ್ತಾನೆ. ಪ್ರಾರ್ಥನೆ ಎಂದರೆ ಕಣ್ಣು ಮುಚ್ಚುವುದು ಎಂದುಕೊಂಡಿದ್ದ ನನಗೆ, ಕಣ್ಣು ತೆರೆದು ಮರದ ಸಂದು ಹುಡುಕುವುದೂ ಪ್ರಾರ್ಥನೆಯಾಗಬಲ್ಲದು ಅನಿಸಿದ್ದು ಇಲ್ಲಿ. ಅದೇ ಜೈಲಿನಲ್ಲಿ ಸೆರೆಯಾಗಿರುವ ಒಬ್ಬ ಪಾದ್ರಿ ನೀರಿನ ತೊಟ್ಟಿಯ ಬಳಿ ಸಿಕ್ಕಾಗಲೆಲ್ಲ ಅವನಿಗೆ ಪ್ರಾರ್ಥಿಸಲು ಹೇಳುತ್ತಾನೆ. ಎಲ್ಲವನ್ನೂ ದೇವರೇ ನೋಡಿಕೊಳ್ಳುವುದಾದರೆ ಅದು ತೀರಾ ಸಲೀಸು ಎಂಬುದು ಫೊಂಟೇನನ ನಿಲುವು. ಪಾದ್ರಿ ನಿಕೊದೇಮನ ಪ್ರಸಂಗವನ್ನು ಚೀಟಿಯಲ್ಲಿ ಬರೆದುಕೊಟ್ಟಾಗ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವವನೂ ಅವನೇ.

ಕೈದಿಗಳು ಮಲದ ಬಕೆಟ್ಟುಗಳನ್ನು ಅಂಗಳಕ್ಕೆ ಹೊತ್ತುಕೊಂಡು ಹೋಗುವಾಗ ಹಿನ್ನೆಲೆಯಲ್ಲಿ ಮೊಜಾರ್ಟನ ಸಿ ಮೈನರ್ ಮಹಾಪೂಜೆಯ ಸಂಗೀತ ಏಳುತ್ತದೆ. ಕರ್ತನೇ ಕರುಣಿಸು ಎಂದು ಬೇಡುವ ಭಾಗ. ಅಷ್ಟು ದೊಡ್ಡ ಬೇಡಿಕೆಯನ್ನು ಅಷ್ಟು ಹೊಲಸಾದ ಕೆಲಸದ ಮೇಲೆ ಹಾಸಿದ್ದು ಎಷ್ಟು ಸರಿ! ಮನುಷ್ಯರು ಕರುಣೆಗಾಗಿ ಕಾಯುವ ಜಾಗ ಹೆಚ್ಚಾಗಿ ಇಂಥದೇ.

ಇವನು ಪಾರಾಗುತ್ತಾನೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಮ್ಮ ತಿಳಿವಳಿಕೆ ಒಂದು ಚೂರು ಮರವನ್ನೂ ಕೆರೆಯಲಿಲ್ಲ, ಅವನ ಕೈಯನ್ನು ಆ ಕಡೆ ಈ ಕಡೆ ತಳ್ಳಲೂ ಇಲ್ಲ. ದೇವರಿಗೆ ಮೊದಲೇ ಗೊತ್ತಿರುವುದರಿಂದ ಮನುಷ್ಯ ಬಲವಂತಕ್ಕೆ ಸಿಕ್ಕಂತಾಗುವುದಿಲ್ಲ ಎಂದು ಸಂತ ಅಗಸ್ಟೀನ ವಾದಿಸಿದ್ದ. ಓದಿದಾಗ ಇದು ತರ್ಕದ ಜಾಣತನವೆಂದು ತೋರುತ್ತಿತ್ತು. ಸಿನಿಮಾದ ಮುಂದೆ ಕೂತಾಗ ಅದು ಅನುಭವ. ಆದರೆ ಅಗಸ್ಟೀನ ಅಲ್ಲಿಗೇ ನಿಲ್ಲಲಿಲ್ಲ. ದೇವರು ಬರೀ ನೋಡುತ್ತ ಕೂತವನಲ್ಲ, ಒಳ್ಳೆಯದನ್ನು ಬಯಸುವ ಮನಸ್ಸನ್ನೂ ಅವನೇ ಕೊಡುತ್ತಾನೆ ಎಂದ. ಕಷ್ಟ ಶುರುವಾಗುವುದು ಅಲ್ಲಿಂದ.

ಅಪೊಸ್ತಲರ ಕೃತ್ಯಗಳು ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ಇಂದು ಬೆಳಗ್ಗೆ ಮತ್ತೆ ಓದಿದೆ. ಅದೂ ಜೈಲಿನಿಂದ ಪಾರಾದ ಕತೆ. ಪೇತ್ರ ಇಬ್ಬರು ಸಿಪಾಯಿಗಳ ನಡುವೆ ಸರಪಳಿ ಬಿಗಿಸಿಕೊಂಡು ಮಲಗಿದ್ದಾನೆ. ದೇವದೂತ ಬಂದು ಪಕ್ಕೆ ತಟ್ಟಿ ಎಬ್ಬಿಸುತ್ತಾನೆ. ಸರಪಳಿ ತಾನಾಗಿ ಕಳಚಿ ಬೀಳುತ್ತದೆ. ಊರಿಗೆ ಹೋಗುವ ಕಬ್ಬಿಣದ ಬಾಗಿಲು ತಾನಾಗಿ ತೆರೆಯುತ್ತದೆ. ಈ ಎರಡು ಅದ್ಭುತಗಳ ನಡುವೆ ಲೂಕ ಒಂದು ಸಣ್ಣ ಸಂಗತಿಯನ್ನು ಬಿಡದೆ ಬರೆದಿದ್ದಾನೆ: ನಡು ಕಟ್ಟಿಕೋ, ಚಪ್ಪಲಿ ಮೆಟ್ಟಿಕೋ, ಮೇಲಂಗಿ ಹೊದ್ದುಕೋ ಎಂದು ದೂತ ಪೇತ್ರನಿಗೆ ಹೇಳುತ್ತಾನೆ. ಸರಪಳಿ ಬಿಚ್ಚಬಲ್ಲವನಿಗೆ ಚಪ್ಪಲಿ ತೊಡಿಸುವುದು ಕಷ್ಟವಾಗಿತ್ತೇ? ಅದನ್ನು ಪೇತ್ರನಿಗೇ ಬಿಟ್ಟ. ಪೇತ್ರನೂ ಅರೆನಿದ್ದೆಯಲ್ಲಿ, ಕನಸೋ ನಿಜವೋ ತಿಳಿಯದೆ, ಬಗ್ಗಿ ಚಪ್ಪಲಿ ಮೆಟ್ಟಿದ. ಮನುಷ್ಯನ ಸ್ವಾತಂತ್ರ್ಯದ ಅಳತೆ ನನಗೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ಅದಕ್ಕಿಂತ ಹೆಚ್ಚಲ್ಲ, ಕಮ್ಮಿಯೂ ಅಲ್ಲ.

ಇದನ್ನು ಅಳೆದು ಮುಗಿಸಬೇಕೆಂದು ಹೊರಟವರು ಬಹಳ. 1588ರಲ್ಲಿ ಸ್ಪೇನಿನ ಜೆಸುಯಿಟ್ ಪಂಡಿತ ಮೊಲಿನಾ ಕೃಪೆಯನ್ನೂ ಸ್ವತಂತ್ರ ಸಂಕಲ್ಪವನ್ನೂ ಹೊಂದಿಸಲು ಪುಸ್ತಕ ಬರೆದ. ಡೊಮಿನಿಕನ್ ಸಂನ್ಯಾಸಿಗಳು ತಿರುಗಿಬಿದ್ದರು. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆದು, 1607ರಲ್ಲಿ ಐದನೆಯ ಪೌಲ್ ಪೋಪ್ ಯಾರ ಕಡೆಗೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಬೈಯಬೇಡಿ ಎಂದು ಎಲ್ಲರನ್ನೂ ಮನೆಗೆ ಕಳಿಸಿದ. ಪ್ರೊಟೆಸ್ಟಂಟರು 1618–19ರಲ್ಲಿ ಹಾಲೆಂಡಿನ ಡೋರ್ಟ್ ಸಭೆಯಲ್ಲಿ ಯಾರಿಗೆ ರಕ್ಷಣೆ ಎಂಬುದನ್ನು ದೇವರು ಮೊದಲೇ ಗೊತ್ತುಮಾಡಿದ್ದಾನೆ ಎಂಬ ಕಾಲ್ವಿನನ ಪೂರ್ವನಿಯೋಜನೆಯ ಪರವಾಗಿ ಗಟ್ಟಿ ತೀರ್ಪು ಕೊಟ್ಟರು. ಆ ತೀರ್ಪಿಗಿಂತ ಪೋಪನ ಮೌನ ನನಗೆ ಹೆಚ್ಚು ಭಕ್ತಿಯುಳ್ಳದ್ದಾಗಿ ತೋರುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲನೂ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದ್ದಾನೆ: ನಡುಗುತ್ತಾ ನಿಮ್ಮ ರಕ್ಷಣೆಯ ಕೆಲಸ ನೀವು ನಡೆಸಿರಿ, ಏಕೆಂದರೆ ನಿಮ್ಮೊಳಗೆ ಬಯಕೆ ಹುಟ್ಟಿಸುವವನೂ ಮಾಡಿಸುವವನೂ ದೇವರು. ‘ಆದರೂ’ ಎನ್ನಬೇಕಾದಲ್ಲಿ ‘ಏಕೆಂದರೆ’ ಎಂದಿದ್ದಾನೆ.

ಹಣೆಬರಹವೆಂದು ನಾವು ನಿಟ್ಟುಸಿರು ಬಿಡುತ್ತೇವಲ್ಲ, ಇದು ಅದಲ್ಲ. ಅಲ್ಲಿ ಬರೆದು ಮುಗಿದಿದೆ. ಇಲ್ಲಿ ಯಾರೋ ಪಕ್ಕೆ ತಟ್ಟುತ್ತಿದ್ದಾರೆ.

ಸಿನಿಮಾದಲ್ಲಿ ಆ ತಟ್ಟುವಿಕೆ ತೀರಾ ಅನುಮಾನದ ರೂಪದಲ್ಲಿ ಬರುತ್ತದೆ. ಬಾಗಿಲು ಸಿದ್ಧ, ಹಗ್ಗ ಸಿದ್ಧ. ಮರಣದಂಡನೆ ಆಯಿತೆಂದು ತಿಳಿಸಿದ ದಿನವೇ ಅವನ ಕೋಣೆಗೆ ಜೋಸ್ತ್ ಎಂಬ ಹುಡುಗನನ್ನು ತಂದು ಹಾಕುತ್ತಾರೆ. ಮೈಮೇಲೆ ಅರ್ಧ ಫ್ರೆಂಚ್, ಅರ್ಧ ಜರ್ಮನ್ ಸಮವಸ್ತ್ರ. ಗೂಢಚಾರನೇ? ಕೊಲ್ಲಬೇಕೇ, ಜೊತೆಗೆ ಕರೆದೊಯ್ಯಬೇಕೇ? ಇಡೀ ಸಿನಿಮಾದಲ್ಲಿ ಫೊಂಟೇನ್ ನಿಜವಾಗಿ ಆಯ್ಕೆ ಮಾಡುವುದು ಇಲ್ಲಿ. ಕೆರೆಯುವುದು, ಹೊಸೆಯುವುದು ಎಲ್ಲಾ ಅವನದೇ ಯೋಜನೆ. ಈ ಹುಡುಗ ಯೋಜನೆಯಲ್ಲಿ ಇಲ್ಲದವನು. ಅವನನ್ನು ನಂಬಲು ನಿರ್ಧರಿಸುತ್ತಾನೆ. ಆಮೇಲೆ ಆ ರಾತ್ರಿ ಗೋಡೆಯ ಬುಡದಲ್ಲಿ ನಿಂತಾಗ ತಿಳಿಯುತ್ತದೆ: ಒಬ್ಬನೇ ಬಂದಿದ್ದರೆ ಈ ಗೋಡೆ ಹತ್ತಲಾಗುತ್ತಿರಲಿಲ್ಲ. ತೊಡಕೆಂದು ಕಂಡವನೇ ಏಣಿ. ಅವನನ್ನು ಕೊಲ್ಲುವ ಸ್ವಾತಂತ್ರ್ಯ ಫೊಂಟೇನನಿಗೆ ಪೂರ್ತಿ ಇತ್ತು ಎಂಬುದನ್ನು ಬ್ರೆಸನ್ ಮರೆಯಗೊಡುವುದಿಲ್ಲ. ಅದೇ ರಾತ್ರಿ, ಅವೇ ಕೈಗಳಿಂದ, ಫೊಂಟೇನ್ ಒಬ್ಬ ಕಾವಲುಗಾರನನ್ನು ಕೊಲ್ಲುತ್ತಾನೆ.

ಇಷ್ಟಕ್ಕೆ ನಿಲ್ಲಿಸಿದರೆ ಎಲ್ಲ ಚೆನ್ನಾಗಿ ಕೂಡಿಬಂತು ಅನಿಸಬಹುದು. ಆದರೆ ಸಿನಿಮಾ ಶುರುವಾಗುವುದೇ ಜೈಲಿನ ಗೋಡೆಯ ಒಂದು ಸ್ಮಾರಕ ಫಲಕದಿಂದ: ಇಲ್ಲಿ ನರಳಿದವರು 10,000 ಮಂದಿ, ಅವರಲ್ಲಿ ಸತ್ತವರು 7,000. ಆ 7,000 ಜನರಲ್ಲಿ ಹಲವರ ಬಾಗಿಲಿಗೂ ಮೆತ್ತನೆಯ ಮರದ ಪಟ್ಟಿಗಳೇ ಇದ್ದಿರಬೇಕು. 1944ರ ಏಪ್ರಿಲಿನಲ್ಲಿ ಇಝಿಯು ಎಂಬ ಹಳ್ಳಿಯ ಆಶ್ರಯಧಾಮದಿಂದ ಹಿಡಿದು ತಂದ 44 ಯಹೂದಿ ಮಕ್ಕಳನ್ನು ಇಟ್ಟಿದ್ದೂ ಇದೇ ಮೋಂಲುಕ್ ಜೈಲಿನಲ್ಲಿ. ಗಾಳಿ ಆ ಕಡೆ ಯಾಕೆ ಬೀಸಲಿಲ್ಲ? ಅಪೊಸ್ತಲರ ಕೃತ್ಯಗಳಲ್ಲೂ ಈ ಮುಳ್ಳು ಇದೆ. ಪೇತ್ರನ ಬಿಡುಗಡೆಯ ಅದೇ ಅಧ್ಯಾಯ ತೆರೆದುಕೊಳ್ಳುವುದು ಯೋಹಾನನ ಅಣ್ಣ ಯಾಕೋಬನನ್ನು ಹೆರೋದ ಕತ್ತಿಯಿಂದ ಕೊಲ್ಲಿಸಿದ ಸುದ್ದಿಯಿಂದ. ಒಂದೇ ಸಾಲು. ಅವನ ಪಕ್ಕೆಯನ್ನು ಯಾರೂ ತಟ್ಟಲಿಲ್ಲ. ಅಧ್ಯಾಯ ಮುಂದುವರಿದರೆ ಪೇತ್ರನನ್ನು ಕಾಯುತ್ತಿದ್ದ ಸಿಪಾಯಿಗಳಿಗೂ ಮರಣ. ದೇವರು ಯಾಕೋಬನಿಗಿಂತ ಪೇತ್ರನನ್ನು ಹೆಚ್ಚು ಪ್ರೀತಿಸಿದ ಎಂದು ಲೂಕ ಎಲ್ಲಿಯೂ ಹೇಳುವುದಿಲ್ಲ. ಕಾರಣವನ್ನೇ ಹೇಳುವುದಿಲ್ಲ.

ಸಿನಿಮಾದ ಯಾಕೋಬನ ಹೆಸರು ಓರ್ಸಿನಿ. ಫೊಂಟೇನನಿಗಿಂತ ಮೊದಲೇ ಓಡಲು ಯತ್ನಿಸಿ ಸಿಕ್ಕಿಬೀಳುತ್ತಾನೆ. ಅವನು ಗುಂಡಿಗೆ ಬಲಿಯಾಗುವ ಮೊದಲು, ಹೊರಗೋಡೆ ದಾಟಲು ಕೊಕ್ಕೆಗಳು ಬೇಕೇಬೇಕೆಂಬ ವಿಷಯ ಅವನಿಂದ ಫೊಂಟೇನನಿಗೆ ತಿಳಿಯುತ್ತದೆ. ಆ ತಿಳಿವಳಿಕೆ ಇಲ್ಲದೆ ಫೊಂಟೇನ್ ಪಾರಾಗುತ್ತಿರಲಿಲ್ಲ. ಪಕ್ಕದ ಕೋಣೆಯ ಮುದುಕ ಬ್ಲಾಂಶೆ ಕಿಟಕಿಯಿಂದಲೇ ಹೇಳುತ್ತಾನೆ: ನೀನು ಗೆಲ್ಲಬೇಕಾದರೆ ಓರ್ಸಿನಿ ಸೋಲಲೇಬೇಕಿತ್ತು. ಭಯ ಹುಟ್ಟಿಸುವ ಮಾತು. ಯಾರೋ ದೇವತಾಶಾಸ್ತ್ರಿ ಮೇಜಿನ ಮುಂದೆ ಕೂತು ಇದನ್ನು ಬರೆದಿದ್ದರೆ ಪುಸ್ತಕ ಮುಚ್ಚಿಡುತ್ತಿದ್ದೆ. ಆದರೆ ಬ್ಲಾಂಶೆ ಯಾರು? ಬದುಕು ಬೇಡವೆಂದು ಸಾಯಲು ನೋಡಿದವನು. ಗೋಡೆ ತಟ್ಟಿ ಕರೆದರೆ ಮೊದಮೊದಲು ಉತ್ತರವನ್ನೂ ಕೊಡದವನು. ತಾನು ಪಾರಾಗುವ ಆಸೆ ಇಲ್ಲದವನು. ಫೊಂಟೇನ್ ಬೆರಗಾಗುತ್ತಾನೆ. ಹೊಸದೇನೂ ಹೇಳಲಿಲ್ಲವಲ್ಲ ಎನ್ನುತ್ತಾನೆ ಮುದುಕ. ಫೊಂಟೇನನಿಗೆ ಬೆರಗಾದದ್ದು ಆ ಮಾತಿನಿಂದಲ್ಲ, ಅದನ್ನು ಬ್ಲಾಂಶೆ ಆಡಿದ್ದರಿಂದ.

ಪೂರ್ವನಿಯೋಜನೆಯ ಬಗ್ಗೆ ನಾನು ಕಂಡ ಅತ್ಯಂತ ನಿಖರವಾದ ದೃಶ್ಯ ಇದು. ದೇವರ ಚಿತ್ತ ಎಂಬ ಮಾತು ನಮ್ಮ ಕ್ರೈಸ್ತ ಮನೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕಾಫಿ ಲೋಟ ಹಿಡಿದು, ಎಲ್ಲಾ ದೇವರ ಚಿತ್ತ ಎಂದು ಎದ್ದುಹೋಗುವವರನ್ನು ಕಂಡಿದ್ದೇನೆ. ಬಂದವರ ಬಾಯಲ್ಲಿ ಅದು ಅವಳ ಮೇಲೆ ಇಟ್ಟ ಕಲ್ಲು. ಎಷ್ಟೋ ವರ್ಷಗಳ ಮೇಲೆ ಆ ತಾಯಿಯೇ ಯಾರೂ ಕೇಳದೆ ಅದನ್ನೇ ಹೇಳಿದರೆ, ಆಗ ನಾನು ಸುಮ್ಮನೆ ಕೇಳುತ್ತೇನೆ. ನೋವಿನ ಬೆಲೆ ತೆತ್ತವರಿಗೆ ಹಿಂದಿರುಗಿ ನೋಡಿ ಹೇಳುವ ಹಕ್ಕುಂಟು. ಅವರ ಬಾಯಲ್ಲಿ ಅದು ಕಾರಣ ಕೊಡುವ ಮಾತಲ್ಲ, ಕೃತಜ್ಞತೆಯ ಮಾತು. ತನ್ನನ್ನು ಮಾರಿದ ಅಣ್ಣಂದಿರ ಮುಂದೆ, ನೀವು ಕೇಡೆಣಿಸಿದ್ದನ್ನು ದೇವರು ಒಳ್ಳೆಯದಕ್ಕೆ ತಿರುಗಿಸಿದ ಎಂದು ಯೋಸೇಫ ಹೇಳಬಲ್ಲ; ಅಣ್ಣಂದಿರು ಹಾಗೆ ಹೇಳಿದರೆ ಅದು ಜಾರಿಕೊಳ್ಳುವ ಮಾತಾಗುತ್ತದೆ. ಆದಿಕಾಂಡದಲ್ಲಿ ಅವರು ಹಾಗೆ ಹೇಳುವುದೂ ಇಲ್ಲ. ಅವರು ಕ್ಷಮೆ ಬೇಡುತ್ತಾರೆ.