ಬಾಗಿಲು ತಟ್ಟುವವನಿಗೂ ಕಾನೂನುಂಟು



ನಿಮ್ಮ ಮಗ ಅಮೆರಿಕದಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ವೀಸಾ ಅವಧಿ ಮುಗಿದಿದೆ, ಊರಿಗೆ ಮರಳಿಲ್ಲ. ಒಂದು ಮುಂಜಾನೆ ವಲಸೆ ಇಲಾಖೆಯ ಅಧಿಕಾರಿಗಳು ಅವನ ಮನೆಯ ಬಾಗಿಲು ತಟ್ಟುತ್ತಾರೆ. "ನಿನಗೂ ಹಕ್ಕುಗಳಿವೆ" ಎಂದು ಅವನಿಗೆ ಮೊದಲೇ ತಿಳಿಸಿಕೊಡುವುದು ಧರ್ಮವೋ, ತಪ್ಪಿಗೆ ಕೈಜೋಡಿಸಿದಂತೆಯೋ?

ಇದು ಬರೀ ಊಹೆಯಲ್ಲ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನದಲ್ಲಿ 104 ಮಂದಿ ಭಾರತೀಯರು ಕೋಳ ತೊಟ್ಟು ಅಮೃತಸರಕ್ಕೆ ಬಂದಿಳಿದುದನ್ನು ನಾವೆಲ್ಲ ಕೇಳಿದ್ದೇವೆ.

"ಕಾನೂನು ಮುರಿದವನಿಗೆ ಕಾನೂನಿನ ಆಸರೆ ಏಕೆ?" ಎಂದು ಕೆಲವರು ಕೇಳುತ್ತಾರೆ. ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಗಡಿಯನ್ನು ಕಾಯುವ ಅಧಿಕಾರ ದೇಶಕ್ಕಿದೆ. ಧರ್ಮಸಭೆಯೂ ಅದನ್ನು ಒಪ್ಪುತ್ತದೆ. ಆದರೆ ಕಾನೂನು ಒಳಗಿರುವವನನ್ನು ಮಾತ್ರವಲ್ಲ, ಬಾಗಿಲು ತಟ್ಟುವವನನ್ನೂ ಕಟ್ಟುತ್ತದೆ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ನಾಲ್ಕನೆಯ ಮತ್ತು ಐದನೆಯ ತಿದ್ದುಪಡಿಗಳು ಅನ್ಯಾಯದ ಶೋಧನೆಯಿಂದ ರಕ್ಷಣೆಯನ್ನೂ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕನ್ನೂ ಕೊಡುತ್ತವೆ. ಅಲ್ಲಿ ಬಳಸಿರುವುದು 'ನಾಗರಿಕ' ಎಂಬ ಪದವಲ್ಲ; 'ಜನರು', 'ವ್ಯಕ್ತಿ' ಎಂಬ ಪದಗಳು. 1886ರಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಿದ್ದ ಚೀನೀಯನೊಬ್ಬನ ಮೊಕದ್ದಮೆಯಲ್ಲಿ, ಕಾನೂನಿನ ಸಮಾನ ರಕ್ಷಣೆ ನಾಗರಿಕರಲ್ಲದವರಿಗೂ ಸಲ್ಲುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಮನೆಯೊಳಗೆ ಬರಲು ಮನೆಯವರ ಒಪ್ಪಿಗೆ ಬೇಕು, ಇಲ್ಲವೇ ನ್ಯಾಯಾಧೀಶರ ಸಹಿಯುಳ್ಳ ವಾರಂಟ್ ಬೇಕು ಎಂಬುದು ಅಲ್ಲಿ ನಡೆದು ಬಂದ ನಿಯಮ. ಇಲಾಖೆಯ ಅಧಿಕಾರಿಯೇ ಸಹಿ ಹಾಕಿದ ವಾರಂಟ್ ಬೇರೆ. ಅದರ ಬಲದಿಂದಲೂ ಒಳನುಗ್ಗಬಹುದೆಂದು ಇಲಾಖೆ 2025ರಲ್ಲಿ ತನ್ನವರಿಗೆ ತಿಳಿಸಿತು. ಇದಕ್ಕೆ ಬಲವಾದ ಆಕ್ಷೇಪವಿದೆ. ಹಾಗೆ ನುಗ್ಗಿದರೂ ಕೈ ಎತ್ತಬಾರದು. "ನನ್ನ ಒಪ್ಪಿಗೆಯಿಲ್ಲ" ಎಂದು ಹೇಳಿ, ವಕೀಲರು ಬೇಕೆಂದು ಕೇಳಬೇಕು.

ಹಾಗಾದರೆ ಸುಮ್ಮನಿರುವುದು ಸುಳ್ಳು ಹೇಳಿದಂತಲ್ಲವೇ? ಅಲ್ಲ. ಯೇಸುಸ್ವಾಮಿ ಹೆರೋದನ ಮುಂದೆ ಬಾಯಿ ತೆರೆಯಲಿಲ್ಲ. ಸಂತ ಪೌಲರನ್ನು ಕೊರಡೆಯಿಂದ ಹೊಡೆಯಲು ಕಟ್ಟಿದಾಗ, ಅವರು ತಮ್ಮ ಹಕ್ಕನ್ನು ಶತಾಧಿಪತಿಗೆ ನೆನಪಿಸಿದರು. ಪೌಲರು ರೋಮಿನ ನಾಗರಿಕರಾಗಿದ್ದರಲ್ಲ ಎನ್ನುವಿರಾ? ಮೋಶೆಯ ಧರ್ಮಶಾಸ್ತ್ರವಾದರೋ ಸ್ವದೇಶಿಗೂ ಪರದೇಶಿಗೂ ಒಂದೇ ಕಟ್ಟಳೆ ಎಂದಿತು. ಖೋಟಾ ಕಾಗದ ತೋರಿಸುವುದು, ಸುಳ್ಳು ಹೇಳುವುದು ಮಾತ್ರ ತಪ್ಪೇ. ತಾನು ಅಮೆರಿಕದ ನಾಗರಿಕನೆಂದು ಸುಳ್ಳು ಹೇಳಿದವನಿಗೆ ಮುಂದೆ ಆ ದೇಶದ ಬಾಗಿಲು ಬಹುತೇಕ ಶಾಶ್ವತವಾಗಿ ಮುಚ್ಚುತ್ತದೆ.

ಹಕ್ಕು ಕಾಗದದಲ್ಲಿದ್ದರೆ ಸಾಲದು. ಅಪರಾಧದ ಮೊಕದ್ದಮೆಯಲ್ಲಿ ಬಡವನಿಗೆ ಅಲ್ಲಿನ ಸರಕಾರ ವಕೀಲರನ್ನು ಕೊಡುತ್ತದೆ. ವಲಸೆ ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಈ ಕೊರತೆ ನೀಗಲೆಂದೇ ಅಲ್ಲಿನ ಧರ್ಮಾಧ್ಯಕ್ಷರು 1988ರಲ್ಲಿ ಕಥೋಲಿಕ ಕಾನೂನು ನೆರವಿನ ಜಾಲವೊಂದನ್ನು ಕಟ್ಟಿದರು. ಚರ್ಚು, ಶಾಲೆ, ಆಸ್ಪತ್ರೆಗಳಲ್ಲಿ ಬಂಧಿಸುವುದಕ್ಕಿದ್ದ ಹಿಂದಿನ ತಡೆಯನ್ನು 2025ರ ಜನವರಿಯಲ್ಲಿ ಸರಕಾರ ತೆಗೆದುಹಾಕಿತು. ಅದೇ ಜುಲೈಯಲ್ಲಿ ಸ್ಯಾನ್ ಬರ್ನಾರ್ಡಿನೋದ ಧರ್ಮಾಧ್ಯಕ್ಷರು, ಬಂಧನದ ಭಯವುಳ್ಳವರಿಗೆ ಭಾನುವಾರದ ಪೂಜೆಯ ಕಡ್ಡಾಯದಿಂದ ವಿನಾಯಿತಿ ಕೊಟ್ಟರು. ಪೂಜೆಗೆ ಹೋಗಲೂ ಅಂಜಬೇಕಾದವರ ಪಾಡನ್ನು ಸ್ವಲ್ಪ ಯೋಚಿಸಿ.

ನಿಮ್ಮವರು ಯಾರಾದರೂ ಅಲ್ಲಿದ್ದರೆ ಈ ವಾರ ಫೋನಿನಲ್ಲಿ ನಾಲ್ಕು ಮಾತು ಹೇಳಿ: ವಕೀಲರೊಬ್ಬರ ನಂಬರನ್ನು ಬಾಯಿಪಾಠ ಮಾಡಿಕೋ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡ, ಬಂಧಿಸಿದರೆ ಭಾರತದ ಕಾನ್ಸುಲೇಟಿಗೆ ತಿಳಿಸಿರೆಂದು ಕೇಳು, 1963ರ ವಿಯೆನ್ನಾ ಒಪ್ಪಂದ ಆ ಹಕ್ಕು ಕೊಟ್ಟಿದೆ, ನೀನಿಲ್ಲದಾಗ ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರೆಂದು ಬರೆದಿಡು.

"ಏಕೆ ಹೋದೆ, ಏಕೆ ಉಳಿದೆ?" ಎಂಬ ಪ್ರಶ್ನೆಯನ್ನು ಇನ್ನೊಂದು ದಿನ ಕೇಳಬಹುದು. ತಪ್ಪು ಮಾಡಿದ ಮಗನೂ ಮಗನೇ. ನೆರೆಮನೆಯವರ ಮಗನ ವಿಷಯದಲ್ಲಿಯೂ ನಾವು ಹಾಗೆಯೇ ಹೇಳಬಲ್ಲೆವೇ?