ಹುಡುಗನ ಪರವಾಗಿ ಮಾತಾಡುವವರು

ಗಂಡು ಹುಡುಕಲು ಒಬ್ಬರು, ಸೈಟು ಕೊಡಿಸಲು ಒಬ್ಬರು, ದನದ ಜಾತ್ರೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಲು ಒಬ್ಬರು. ನಡುವಿನವರಿಲ್ಲದೆ ನಮ್ಮಲ್ಲಿ ಯಾವ ಕೆಲಸ ತಾನೆ ನಡೆದಿದೆ? ದಲ್ಲಾಳಿ ಎಂದರೆ ಮೂಗು ಮುರಿಯುವ ನಾವೇ, ಮಗಳು ಇಪ್ಪತ್ತೈದು ದಾಟಿದಳೆಂದರೆ ಅವನ ಮನೆ ಬಾಗಿಲು ತಟ್ಟುತ್ತೇವೆ. ಅವನು ತಾನು ದಲ್ಲಾಳಿ ಎಂದು ಹೇಳಿಕೊಂಡೇ ಬರುವವನು. ನನ್ನನ್ನು ಕಾಡುವುದು ಬೇರೆ ಒಂದು ಜಾತಿಯ ನಡುವಿನವರು.

ತಂಗಿಯ ಮಗಳು ಅಮೆರಿಕದ ಅಲಬಾಮಾದಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಹೋದಾಗ ಅಲ್ಲಿಯ ಕಾಲೇಜು ಫುಟ್‌ಬಾಲಿನ ಹುಚ್ಚನ್ನು ಕಣ್ಣಾರೆ ಕಂಡೆ. ನಮ್ಮ ಕಾಲ್ಚೆಂಡಾಟವಲ್ಲ ಅದು; ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬಿನಂಥ ಕವಚ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಆಟ. ಅಲ್ಲಿಯ ವಿಶ್ವವಿದ್ಯಾಲಯದ ಕ್ರೀಡಾಂಗಣ ಸುಮಾರು ಒಂದು ಲಕ್ಷ ಜನ ಹಿಡಿಸುತ್ತದೆ. ಶನಿವಾರ ಬಂತೆಂದರೆ ಬೀದಿಗೆ ಬೀದಿಯೇ ಕೆಂಪು ಅಂಗಿ ತೊಡುತ್ತದೆ. ಆಗ ಅಲ್ಲಿಯವರ ಬಾಯಲ್ಲಿ ಕೇಳಿ, ಆಮೇಲೆ ಓದಿ ತಿಳಿದ ಒಂದು ಪ್ರಕರಣ ಇದು.

ಮೆಂಫಿಸ್ ಊರಿನ ಟ್ರೆಜ಼ವಂಟ್ ಎಂಬ ಹೈಸ್ಕೂಲಿನಲ್ಲಿ ಒಬ್ಬ ದೈತ್ಯ ಹುಡುಗನಿದ್ದ. ದೇಶದ ದೊಡ್ಡ ದೊಡ್ಡ ಕಾಲೇಜುಗಳೆಲ್ಲ ಅವನಿಗಾಗಿ ಕಾದಿದ್ದವು. ಯಾವ ಕಾಲೇಜು ಎಂಬ ತೀರ್ಮಾನವನ್ನು ಹುಡುಗ ತನ್ನ ತರಬೇತುದಾರ ಲಿನ್ ಲ್ಯಾಂಗ್‌ಗೆ ಬಿಟ್ಟಿದ್ದ. ಲ್ಯಾಂಗ್ ತೀರ್ಮಾನವನ್ನೇನೋ ಮಾಡಿದ. 2000ರಲ್ಲಿ ಹುಡುಗ ಅಲಬಾಮಾಕ್ಕೆ ಸೇರಿದ. ಮರುವರ್ಷ ಸಹಾಯಕ ತರಬೇತುದಾರನೇ ಪತ್ರಿಕೆಯ ಮುಂದೆ ಬಾಯಿ ಬಿಟ್ಟ. ತನಗೆ ಹೇಳಿದ ಪಾಲು ಕೊಡಲಿಲ್ಲವೆಂಬುದು ಅವನ ದೂರು! ಹುಡುಗನನ್ನು ಆ ಕಾಲೇಜಿಗೆ ಕಳಿಸಲು ಲೋಗನ್ ಯಂಗ್ ಎಂಬ ಶ್ರೀಮಂತ ಅಭಿಮಾನಿ ಲ್ಯಾಂಗ್‌ಗೆ ಒಂದೂವರೆ ಲಕ್ಷ ಡಾಲರ್ ಕೊಟ್ಟನೆಂಬುದು ಆರೋಪ. ಇಂಥ ಅಭಿಮಾನಿಗಳಿಗೆ ಅಲ್ಲಿ 'ಬೂಸ್ಟರ್' ಎಂದು ಹೆಸರು. ಲ್ಯಾಂಗ್ 2002ರಲ್ಲಿ ತಪ್ಪೊಪ್ಪಿಕೊಂಡ. ಕೊನೆಯವರೆಗೂ ನಿರಾಕರಿಸಿದ ಯಂಗ್ 2005ರಲ್ಲಿ ಅಪರಾಧಿಯೆಂದು ತೀರ್ಪಾಯಿತು. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ ತೀರಿಕೊಂಡ. ಕಾಲೇಜು ಆಟಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎ 2002ರಲ್ಲೇ ಅಲಬಾಮಾ ತಂಡವನ್ನು ಋತುವಿನ ಕೊನೆಯ ದೊಡ್ಡ ಪಂದ್ಯಗಳಿಂದ ಎರಡು ವರ್ಷ ಹೊರಗಿಟ್ಟಿತು. ಹುಡುಗ ಒಂದು ವರ್ಷ ಆಡಿ, ಊರಿನ ಕಾಲೇಜಿಗೇ ಮರಳಿದ್ದ. ಅವನ ಹೆಸರು ಆಗಿನ ಪತ್ರಿಕೆಗಳಲ್ಲೆಲ್ಲ ಇದೆ. ನಾನು ಇಲ್ಲಿ ಬರೆಯುವುದಿಲ್ಲ.

ಮುರಿದ ನಿಯಮವಾದರೂ ಎಂಥದು? ಆಟಗಾರ ವಿದ್ಯಾರ್ಥಿ, ಆದ್ದರಿಂದ ಶುಲ್ಕ, ಊಟ, ವಸತಿ, ಪುಸ್ತಕದಷ್ಟು ವಿದ್ಯಾರ್ಥಿವೇತನ ಬಿಟ್ಟರೆ ಆಟಕ್ಕೆಂದು ಅವನು ಹಣ ಮುಟ್ಟಬಾರದು. ಅದೇ ಆಟದಿಂದ ಟಿ.ವಿ.ಯವರು ಕೊಡುವ ಹಣ ಕಾಲೇಜುಗಳಿಗೆ ಹೊಳೆಯಾಗಿ ಹರಿಯುತ್ತದೆ. ಅಲಬಾಮಾದ ತರಬೇತುದಾರ ನಿಕ್ ಸೇಬನ್ 2024ರಲ್ಲಿ ನಿವೃತ್ತರಾಗುವ ವೇಳೆಗೆ ಅವರ ಸಂಬಳ ವರ್ಷಕ್ಕೆ ಒಂದು ಕೋಟಿ ಡಾಲರ್ ಮೀರಿತ್ತು. ಮೂಳೆ ಮುರಿದುಕೊಳ್ಳುವವನಿಗೆ ಹಾಸ್ಟೆಲ್ ಊಟ! ಇಂಥ ನಿಯಮವನ್ನು ಮುರಿದರೆ ಪಾಪವೇ ಎಂದು ಯಾರಾದರೂ ಕೇಳಿದರೆ, ನಾನು ಥಟ್ಟನೆ ಹೌದೆನ್ನಲಾರೆ.

ಡಲ್ಲಾಸಿನಲ್ಲಿ ಸದರ್ನ್ ಮೆಥೊಡಿಸ್ಟ್ ವಿಶ್ವವಿದ್ಯಾಲಯ ಎಂಬುದಿದೆ. ಚರ್ಚಿನವರು ಸ್ಥಾಪಿಸಿದ್ದು. ಅಲ್ಲಿ 13 ಆಟಗಾರರಿಗೆ ಗುಟ್ಟಾಗಿ ಸುಮಾರು 61,000 ಡಾಲರ್ ಸಂದಾಯವಾಗಿತ್ತೆಂದು ಸಾಬೀತಾಗಿ, 1987ರಲ್ಲಿ ಇಡೀ ವರ್ಷದ ಆಟವನ್ನೇ ಎನ್‌ಸಿಎಎ ರದ್ದು ಮಾಡಿತು. ಆಗ ಟೆಕ್ಸಸ್ ರಾಜ್ಯದ ಗವರ್ನರ್ ಆಗಿದ್ದ ಬಿಲ್ ಕ್ಲೆಮೆಂಟ್ಸ್ ಹಿಂದೆ ಆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮುಖ್ಯಸ್ಥರು. ಹಣ ಹೋಗುತ್ತಿರುವುದು ಗೊತ್ತಿತ್ತು, ಹುಡುಗರಿಗೆ ಮಾತು ಕೊಟ್ಟಾಗಿತ್ತು, ಆದ್ದರಿಂದ ಒಮ್ಮೆಲೇ ನಿಲ್ಲಿಸದೆ ಕ್ರಮೇಣ ನಿಲ್ಲಿಸೋಣವೆಂದು ನಿರ್ಧರಿಸಿದೆವು ಎಂದು ಅವರು ಒಪ್ಪಿಕೊಂಡರು. ಕೊಟ್ಟ ಮಾತು ದೊಡ್ಡದೋ, ಒಪ್ಪಿದ ನಿಯಮ ದೊಡ್ಡದೋ? ಪುಣ್ಯಕೋಟಿಯ ಪಾಠ ಮಾಡುವ ನನಗೂ ಒಂದು ಕ್ಷಣ ಗೊಂದಲವಾಯಿತು. ಆದರೆ ಪುಣ್ಯಕೋಟಿ ಕದ್ದುಮುಚ್ಚಿ ಹೋಗಲಿಲ್ಲವಲ್ಲ. ದೊಡ್ಡಿಯವರಿಗೆಲ್ಲ ಹೇಳಿ, ತನ್ನ ಪ್ರಾಣವನ್ನೇ ಒಡ್ಡಿ ಹೋದಳು. ಇಲ್ಲಿ ಮಾತು ಕೊಟ್ಟವರು ಒಡ್ಡಿದ್ದು ಹುಡುಗರನ್ನು.

ಇನ್ನು ಲ್ಯಾಂಗ್ ವಿಷಯ. ಅಲ್ಲಿ ನಿಯಮವೇ ಬದಲಾಗಿದೆ. 2021ರ ಜುಲೈಯಿಂದ ಆಟಗಾರರು ಜಾಹೀರಾತಿಗೆ ಹೆಸರು, ಮುಖ ಕೊಟ್ಟು ಸಂಪಾದಿಸಬಹುದು. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025-26ಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು ಎರಡು ಕೋಟಿ ಐದು ಲಕ್ಷ ಡಾಲರ್. ಹಾಗಾದರೆ ಲ್ಯಾಂಗ್ ಮಾಡಿದ್ದು ಇವತ್ತಿಗೆ ಸರಿಯಾಗಿಬಿಟ್ಟಿತೇ? ಇಲ್ಲ ಎನ್ನುತ್ತದೆ ನನ್ನ ಮನಸ್ಸು. ಹುಡುಗನಿಗೆ ಹಣ ಸಲ್ಲಬಾರದೆಂಬುದು ಸಂಘದ ನಿಯಮ, ಹೋಯಿತು. ಆದರೆ 'ಸಾರ್, ನೀವು ಹೇಳಿದಂತೆ' ಎಂದು ಹುಡುಗ ಕೈಗಿಟ್ಟ ನಂಬಿಕೆಯನ್ನು ಅವನಿಗೇ ತಿಳಿಸದೆ ಬೆಲೆ ಕಟ್ಟಿದ್ದಿದೆಯಲ್ಲ, ಅದನ್ನು ಯಾವ ನ್ಯಾಯಾಲಯ ಬಂದು ರಿಯಾಯಿತಿ ಮಾಡೀತು?

ದೂರದೇಶದ ಮಾತೆಂದು ನಗಬೇಡಿ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ನಮ್ಮ ಸ್ಟಾಫ್‌ರೂಮಿಗೂ ಇಸ್ತ್ರಿ ಅಂಗಿಯವರು ಬರುತ್ತಾರೆ. ಮಕ್ಕಳ ಹೆಸರು, ಮನೆಯ ಫೋನ್ ನಂಬರಿನ ಪಟ್ಟಿ ಬೇಕು, ಪಿ.ಯು.ಗೆ ಸೇರಿದ ಒಬ್ಬೊಬ್ಬರಿಗೆ ಇಷ್ಟೆಂದು ಕೊಡುತ್ತಾರಂತೆ. 'ಮೇಡಂ, ನೀವು ಹೇಳಿದರೆ ಅಪ್ಪ ಅಮ್ಮ ಎರಡು ಮಾತಾಡುವುದಿಲ್ಲ' ಎಂದು ನಗುನಗುತ್ತಾ ಹೇಳಿದ ಒಬ್ಬಾತ. ಮಾತೇನೋ ನಿಜ. ನಿಜವಾದ್ದರಿಂದಲೇ ನನಗೆ ಹೆದರಿಕೆಯಾದದ್ದು.

ಹೆತ್ತವರೇ ನಡುವೆ ನಿಂತರೆ? 2010ರಲ್ಲಿ ಕ್ಯಾಮ್ ನ್ಯೂಟನ್ ಎಂಬ ಪ್ರಸಿದ್ಧ ಆಟಗಾರನ ತಂದೆ, ಮಗನನ್ನು ಸೇರಿಸಲು ಮಿಸಿಸಿಪಿಯ ಒಂದು ವಿಶ್ವವಿದ್ಯಾಲಯದಿಂದ ಮಧ್ಯವರ್ತಿಯ ಮೂಲಕ ಹಣ ಕೇಳಿದ್ದು ಹೌದು, ಮಗನಿಗೆ ತಿಳಿದಿತ್ತೆಂಬುದಕ್ಕೆ ಪುರಾವೆಯಿಲ್ಲ ಎಂದಿತು ಎನ್‌ಸಿಎಎ. ಮಗ ಬೇರೆ ಕಾಲೇಜಿನಲ್ಲಿ ಆಡಿ ಆ ವರ್ಷದ ಅತ್ಯುನ್ನತ ಪ್ರಶಸ್ತಿ ಪಡೆದ. ತಂದೆಯನ್ನು ಬೈಯಲು ನನಗೆ ನಾಲಿಗೆ ಏಳುವುದಿಲ್ಲ. ಎಲ್ಲರೂ ನನ್ನ ಮಗನಿಂದ ದುಡಿಯುವಾಗ ಮನೆಗೇಕೆ ಬರಬಾರದೆಂದು ಅನ್ನಿಸಿದ್ದೀತು. ಆದರೂ ಮಗನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದ್ದರೆ?

ತಂಗಿಯ ಮಗಳ ಪಕ್ಕದ ಮನೆಯಾಕೆಗೆ ಹದಿನಾರರ ಮಗ, ಒಳ್ಳೆಯ ಆಟಗಾರ. ಈಗ ಎಲ್ಲವೂ ಬಹಿರಂಗ. ಏಜೆಂಟರು ಶೇಕಡಾ ಇಷ್ಟೆಂದು ಮೊದಲೇ ಹೇಳಿ ಕಾಗದ ಮುಂದಿಡುತ್ತಾರೆ. ಅವರ ಬಗ್ಗೆ ಆಕೆಗೆ ಅಂಥ ಭಯವಿಲ್ಲ. ಏನನ್ನೂ ಕೇಳದೆ ವಾರವಾರವೂ ಮನೆಗೆ ಬಂದು, ಮಗನ ಬೆನ್ನು ತಟ್ಟಿ, ತಾನು ಮಾಡಿದ ಕೇಕ್ ತಿಂದು ಹೋಗುವ ಇಬ್ಬರು ಹಿತೈಷಿಗಳಿದ್ದಾರೆ. ಅವರು ಹೋದ ಮೇಲೆ ತಾನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿರುತ್ತೇನೆ ಎಂದಳು.