ಇಂದಿನ ಧಮ್ಮ ಚಿಂತನೆ: ಮಗು ಸುಳ್ಳು ಹೇಳಿದಾಗ





ನಮ್ಮ ಭಾಗದಲ್ಲಿ ಹತ್ತಿ ಬಿಡಿಸುವ ದಿನಗಳು ಬಂದರೆ ಐದು, ಆರನೇ ತರಗತಿಗಳಲ್ಲಿ ಹಾಜರಿ ಇಳಿಯುತ್ತದೆ. ನಾಲ್ಕು ದಿನ ಬಿಟ್ಟು ಬಂದ ಮಗುವನ್ನು "ಯಾಕ ಬಂದಿಲ್ಲ?" ಎಂದು ಕೇಳಿದರೆ ಉತ್ತರ ಒಂದೇ: "ಜ್ವರ ಬಂದಿತ್ರಿ ಸರ್." ಬೆರಳ ತುದಿಯಲ್ಲಿ ಹತ್ತಿಕಾಯಿ ಗೀರಿದ ಗಾಯ ಕಾಣುತ್ತಿರುತ್ತದೆ. ಈ ಮಗು ಶೀಲ ಮುರಿಯಿತೇ? ಮಕ್ಕಳಿಗೆ ಪಂಚಶೀಲ ಹೇಳಿಕೊಡುವ ನಾವು ಏನನ್ನಬೇಕು?

ಮೊದಲು ವಯಸ್ಸನ್ನು ನೋಡೋಣ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ 1932ರ ತಮ್ಮ ಪುಸ್ತಕದಲ್ಲಿ ಮಕ್ಕಳಿಗೆ ಹೇಳಿದ ಎರಡು ಕಥೆಗಳನ್ನು ಬರೆದಿದ್ದಾರೆ. ಒಬ್ಬ ಹುಡುಗ ತಿಳಿಯದೆ ಬಾಗಿಲು ತಳ್ಳಿದಾಗ 15 ಕಪ್ಪು ಒಡೆದವು. ಇನ್ನೊಬ್ಬ ಕದ್ದು ಜಾಮ್ ತೆಗೆಯಲು ಹೋದಾಗ ಒಂದು ಕಪ್ಪು ಒಡೆಯಿತು. ಯಾರ ತಪ್ಪು ದೊಡ್ಡದು? ಚಿಕ್ಕ ಮಕ್ಕಳು ಹೆಚ್ಚಾಗಿ 15 ಒಡೆದವನದು ಎಂದರು. ಒಂಬತ್ತು, ಹತ್ತರ ಹೊತ್ತಿಗೆ ಮಗು "ಯಾಕೆ ಮಾಡಿದ?" ಎಂದು ಯೋಚಿಸತೊಡಗುತ್ತದೆ. ತನ್ನನ್ನು ಜೊತೆಯವರೊಂದಿಗೆ ಹೋಲಿಸಿಕೊಳ್ಳುತ್ತದೆ. ತನ್ನ ಮನೆಯ ಬಗ್ಗೆ ಬೇರೆಯವರು ಏನಂದುಕೊಳ್ಳುತ್ತಾರೆ ಎಂಬುದೂ ಅದಕ್ಕೆ ತಿಳಿಯುತ್ತದೆ.

ಹಾಗಾಗಿ ಆರು ವರ್ಷದ ಮಗು ಏಟು ತಪ್ಪಿಸಿಕೊಳ್ಳಲು ಸುಳ್ಳು ಹೇಳಿದರೆ, ಹನ್ನೊಂದು ವರ್ಷದ ಮಗು ಅವ್ವನ ಮರ್ಯಾದೆ ಉಳಿಸಲು ಹೇಳುತ್ತಿರಬಹುದು. ಮಾತು ಒಂದೇ, ಚೇತನ ಬೇರೆ. ಚೇತನವೇ ಕಮ್ಮ ಎಂಬುದು ಬುದ್ಧರ ಬೋಧನೆ.

ಹಾಗಾದರೆ ಒಳ್ಳೆಯ ಉದ್ದೇಶದ ಸುಳ್ಳು ಸರಿಯೇ? ಅಲ್ಲ. ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿ ಬುದ್ಧರು ತಮಾಷೆಗೂ ಸುಳ್ಳಾಡಬಾರದೆಂದು ರಾಹುಲನಿಗೆ ಕಲಿಸುತ್ತಾರೆ. ಆಗ ಅವನಿಗೆ ಏಳು ವರ್ಷ ಎನ್ನುತ್ತದೆ ಅಟ್ಠಕಥೆ. ಸುಳ್ಳಿನ ಕುರಿತು ರಾಹುಲನಿಗೆ ನೀಡಿದ ಉಪದೇಶವನ್ನು ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಅಶೋಕ ರಾಜಸ್ಥಾನದ ಬೈರಾಟ್ ಶಾಸನದಲ್ಲಿ ಬರೆಸಿದ್ದಾನೆ.

ಆದರೆ ಬುದ್ಧರು ಕಲಿಸಿದ ಬಗೆ ನೋಡಿ. ಪಾತ್ರೆಯ ತಳದಲ್ಲಿ ಉಳಿದ ನೀರು ತೋರಿಸಿ ಮಾತಾಡಿದರು. ಕನ್ನಡಿ ಯಾತಕ್ಕೆಂದು ಕೇಳಿದರು. ಮುಖ ನೋಡಿಕೊಳ್ಳುವಂತೆಯೇ, ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ತನಗಾಗಲಿ ಇತರರಿಗಾಗಲಿ ನೋವಾಗುವುದೇ ಎಂದು ನೋಡಿಕೊಳ್ಳಲು ಹೇಳಿದರು. ತಪ್ಪಾಗಿದ್ದರೆ ಗುರುವಿಗೋ ತಿಳಿದ ಸಂಗಾತಿಗೋ ಹೇಳಿಕೊಂಡು ಮುಂದೆ ಎಚ್ಚರವಾಗಿರಲು ತಿಳಿಸಿದರು. ಅಲ್ಲಿ ಹೊಡೆತದ ಮಾತಿಲ್ಲ.

ಹೇಳಿಕೊಳ್ಳಬೇಕಾದರೆ ಕೇಳುವವರು ಬೇಕು. ಎಲ್ಲರ ಮುಂದೆ ನಿಲ್ಲಿಸಿ ಕೇಳಿದರೆ ಮಗುವಿಗೆ ಉಳಿಯುವುದು ಎರಡೇ ದಾರಿ: ಅವ್ವನನ್ನು ಬಿಟ್ಟುಕೊಡುವುದು, ಇಲ್ಲವೇ ಸುಳ್ಳು. ಆ ಇಕ್ಕಟ್ಟಿಗೆ ತಳ್ಳುವವರು ದೊಡ್ಡವರು. "ಸಾಲ್ಯಾಗ ಕೇಳಿದ್ರ ಜ್ವರ ಅನ್ನು" ಎಂದು ಕಳಿಸುವವರೂ ದೊಡ್ಡವರೇ. ಕೂಲಿಯ ಕಷ್ಟ ನಿಜ. ಆದರೆ 6ರಿಂದ 14 ವರ್ಷದ ಮಗುವಿಗೆ ಶಿಕ್ಷಣ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ. ಆ ಹಕ್ಕು ಕಾಯುವ ಭಾರ ನಮ್ಮದು. ಅದನ್ನು ಮಗುವಿನ ನಾಲಿಗೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಇಂದಿನ ಅಭ್ಯಾಸ: ಶಿಕ್ಷಕರು ಮಗುವನ್ನು ಪಕ್ಕಕ್ಕೆ ಕರೆದು ಕೇಳಲಿ, ತಪ್ಪಿಹೋದ ಪಾಠ ಹೇಳಿಕೊಡಲಿ. ತಂದೆತಾಯಿಗಳು ಇದ್ದ ಮಾತನ್ನು ತಾವೇ ಶಾಲೆಗೆ ಬಂದು ಹೇಳಲಿ. ನಿಜ ಹೇಳಿದರೆ ಏನೂ ಆಗುವುದಿಲ್ಲ ಎಂದು ಗೊತ್ತಾದ ಮಗು ನಿಜ ಹೇಳುತ್ತದೆ.

ಎಲ್ಲರಿಗೂ ಮಂಗಲವಾಗಲಿ 🙏